ನಮ್ಮೂರಲ್ಲೇ ಹಸಿದವರಿರುವಾಗ ಸೂಡಾನಿನವರಿಗೆ ಯಾಕೆ ಕೊಡಬೇಕು?

ನಮ್ಮಲ್ಲೇ ಬಡವರಿದ್ದಾರೆ, ಎಲ್ಲೋ ಸೂಡಾನಿನಲ್ಲಿ ಹಸಿದವರ ಹೊಣೆ ನಮಗೇಕೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಹೊಣೆ ಇದೆ. ನಮ್ಮ ಕಡೆಯವರಿಗಂತೂ ಜಾಸ್ತಿಯೇ ಇದೆ.

ನಾನು ಗದಗ ಜಿಲ್ಲೆ ರೋಣ ತಾಲೂಕಿನವನು. 1965, 66ರಲ್ಲಿ ಸಾಲಾಗಿ ಎರಡು ವರ್ಷ ಮಳೆ ಕೈಕೊಟ್ಟಾಗ ನಮ್ಮ ಮನೆಯ ಹಗೇವು ಬರಿದಾಗಿತ್ತಂತೆ. ಆಗ ರೇಷನ್ನಿಗೆ ಬಂದದ್ದು ಅಮೆರಿಕದ ಕೆಂಪು ಜೋಳ. ನಮ್ಮ ಆಯಿ ಆ ಸುದ್ದಿ ತೆಗೆದಾಗಲೆಲ್ಲ ಕೈಯಲ್ಲಿ ಬಡಿದು ತೋರಿಸಿಯೇ ಹೇಳುತ್ತಿದ್ದಳು. ಎಸರು ಎಷ್ಟು ಕುದಿಸಿ ಹಾಕಿದರೂ ಹಿಟ್ಟಿಗೆ ಜಿಗಿ ಬರುತ್ತಿರಲಿಲ್ಲ. ಬಡಿಯುತ್ತಿದ್ದಂತೆ ರೊಟ್ಟಿಯ ಅಂಚು ಬಿರಿಯುತ್ತಿತ್ತು. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಎರಡು ತುಂಡು. ಕೊನೆಗೆ ನುಚ್ಚು ಮಾಡಿ ಮಕ್ಕಳಿಗೆ ಉಣಿಸಿದಳು. ಆ ಮಕ್ಕಳಲ್ಲಿ ನಮ್ಮಪ್ಪನೂ ಒಬ್ಬ. ಆ ಜೋಳ ಬೆಳೆದ ರೈತ ರೋಣದ ಹೆಸರನ್ನೂ ಕೇಳಿರಲಿಕ್ಕಿಲ್ಲ.

ಅದೇನು ಪುಕ್ಕಟೆ ದಾನ ಅಲ್ಲ, ನಿಜ. ಪಿ.ಎಲ್. 480 ಅನ್ನುವ ಅವರ 1954ರ ಕಾಯ್ದೆಯಡಿ ನಮ್ಮ ಸರ್ಕಾರ ರೂಪಾಯಿ ಲೆಕ್ಕದಲ್ಲಿ ಕೊಳ್ಳುತ್ತಿತ್ತು. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಅಧ್ಯಕ್ಷ ಜಾನ್ಸನ್‌ಗೆ ಸೇರಲಿಲ್ಲ. ಹಡಗುಗಳನ್ನು ತಡೆತಡೆದು ಬಿಟ್ಟರು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಹಸಿದವರ ಮುಂದೆ ಷರತ್ತು ಇಡಬಾರದು. ಆದರೆ ಅವರು ಷರತ್ತು ಇಟ್ಟರು ಅಂತ ನಾವು ಕೊಡದೇ ಇರುವುದು ಸರಿಯಲ್ಲ, ಅಲ್ವಾ?

ಸೂಡಾನಿನಲ್ಲಿ 2023ರ ಏಪ್ರಿಲ್‌ನಿಂದ ಯುದ್ಧ. 2024ರ ಆಗಸ್ಟ್ ಹೊತ್ತಿಗೆ ಉತ್ತರ ಡಾರ್ಫರ್‌ನಲ್ಲಿ, ಮನೆಮಠ ಬಿಟ್ಟು ಬಂದವರ ಝಮ್‌ಝಮ್ ಶಿಬಿರದಲ್ಲಿ ಕ್ಷಾಮ ಬಿದ್ದಿರುವುದು ಖಚಿತವಾಯಿತು. ಅಲ್ಲಿನವರ ಊಟವೂ ಜೋಳವೇ. ಹಿಟ್ಟು ಹುಳಿ ಬರಿಸಿ, ಹಂಚಿನ ಮೇಲೆ ತೆಳ್ಳಗೆ ಹರಡಿ ಕಿಸ್ರಾ ಮಾಡುತ್ತಾರೆ. ಅದನ್ನು ಓದಿದ ದಿನ ನಮ್ಮ ಆಯಿಯ ಕೈಯೇ ಕಣ್ಣ ಮುಂದೆ ಬಂತು.

ಊರವರನ್ನು ಬಿಟ್ಟು ಕೊಡಿ ಅಂತ ನಾನು ಹೇಳುತ್ತಿಲ್ಲ. ಪ್ರತಿ ತಿಂಗಳು ಎತ್ತಿಡುವ ದುಡ್ಡಿನಲ್ಲಿ ಅರ್ಧ ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹಕ್ಕೆ ಕೊಡುತ್ತೇನೆ. ಅಲ್ಲಿ ಪಂಕ್ತಿಗೆ ಕೂತವರನ್ನು ನಿಮ್ಮದು ಯಾವ ಊರು ಅಂತ ಯಾರೂ ಕೇಳುವುದಿಲ್ಲ. ಇನ್ನರ್ಧ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮಕ್ಕೆ. ದುಡ್ಡು ಕಳಿಸಿದರೆ ಎಷ್ಟೋ ಸಲ ಹತ್ತಿರದಲ್ಲೇ ಧಾನ್ಯ ಕೊಂಡು ಬೇಗ ಮುಟ್ಟಿಸಬಹುದು. ಆಯಿಯ ಕಾಲದ ಹಾಗೆ ಹಡಗಿಗೆ ಕಾಯುತ್ತಾ ಕೂರಬೇಕಿಲ್ಲ.