ಮಳೆ ಬಂದರೆ ಆರ್‌ಸಿಸಿಬಿ ಬೀಳುತ್ತದೆ, ತೆಗೆಸಿಬಿಡಲಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಇಪ್ಪತ್ತು ವರ್ಷದ ಮನೆ. ಜೂನ್ ಬಂತೆಂದರೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗಲು ಶುರು. ಒಂದು ದಿನ ನಾಲ್ಕು ಸಲ, ಆಮೇಲೆ ವಾರಗಟ್ಟಲೆ ಏನೂ ಇಲ್ಲ. ಎಲೆಕ್ಟ್ರಿಷಿಯನ್ ಬಂದಾಗಲಂತೂ ಬೀಳುವುದೇ ಇಲ್ಲ! ಹೊಸದು ಹಾಕಿಸಿದರೂ ಅದೇ ಕತೆ. ಈಗ ‘ಬೈಪಾಸ್ ಮಾಡಿಬಿಡೋಣ’ ಅನ್ನುತ್ತಿದ್ದಾರೆ. ಮಾಡಿಸಬಹುದೇ?

ಉತ್ತರ: ಬೇಡವೇ ಬೇಡ. ಹೊಸದೂ ಬೀಳುತ್ತಿದೆ ಅಂದರೆ ತೊಂದರೆ ಬಹುಶಃ ಅದರಲ್ಲಿಲ್ಲ, ವೈರಿಂಗ್‌ನಲ್ಲೋ ಯಾವುದೋ ಉಪಕರಣದಲ್ಲೋ ಇದೆ. ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಆರ್‌ಸಿಸಿಬಿ ನೋಡುತ್ತಿರುತ್ತದೆ. ಕಡಿಮೆ ಬಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ, ಆಗ ಬೀಳುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವುದು 30 ಮಿಲಿ ಆಂಪಿಯರ್‌ನದ್ದು. ಸೋರಿಕೆ 15 ಮಿಲಿ ಆಂಪಿಯರ್ ದಾಟಿದ ಮೇಲೆ ಅದು ಯಾವಾಗ ಬೇಕಾದರೂ ಬೀಳಬಹುದು. ಗೀಸರ್ ಎಳೆಯುವ ಎಂಟೊಂಬತ್ತು ಆಂಪಿಯರ್ ಎದುರು ಈ ಸೋರಿಕೆ ಏನೇನೂ ಅಲ್ಲ, ಎಂಸಿಬಿಗೆ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುವ ಸ್ವಿಚ್) ಗೊತ್ತೇ ಆಗುವುದಿಲ್ಲ. ಮನುಷ್ಯನ ಜೀವ ತೆಗೆಯಲು ಮಾತ್ರ ಈ ಸೋರಿಕೆಗಿಂತ ತುಸು ಜಾಸ್ತಿ ಇದ್ದರೂ ಸಾಕು.

ಆಗಾಗ ಮಾತ್ರ ಯಾಕೆ ಬೀಳುತ್ತದೆ? ಫ್ರಿಜ್, ವಾಷಿಂಗ್ ಮಷೀನ್, ಕಂಪ್ಯೂಟರ್ ಎಲ್ಲವೂ ಚೂರುಚೂರು ಸೋರುತ್ತವೆ. ಅದರ ಮೇಲೆ ಗೇಟಿನ ದೀಪಕ್ಕೆ ನೀರಿಳಿದರೆ ಮಿತಿ ದಾಟುತ್ತದೆ. ಬಿಸಿಲು ಬಂದು ಒಣಗಿದರೆ ಮತ್ತೆ ಎಲ್ಲ ಸರಿ. ಹಾಗಾಗಿ ನಾನು ಮೊದಲು ನೋಡುವುದು ಹೊರಗಿನ ದೀಪ, ಬೆಲ್ ಸ್ವಿಚ್, ಪಂಪು. ಆಮೇಲೆ ಗೀಸರ್.

ಮಳೆ ಸುರಿಯುತ್ತಿರುವಾಗಲೇ ಹುಡುಕಬೇಕು. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಏರಿಸಿ, ಒಂದೊಂದೇ ಹಾಕುತ್ತಾ ಬನ್ನಿ. ಯಾವುದು ಹಾಕಿದಾಗ ಬಿತ್ತೋ ಆ ಸಾಲಿನ ಪ್ಲಗ್‌ಗಳನ್ನೆಲ್ಲ ಕೀಳಿ. ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು, ನ್ಯೂಟ್ರಲ್ ಹಾಗೇ ಉಳಿದಿರುತ್ತದೆ. ಆಮೇಲೆ ಒಂದೊಂದೇ ಪ್ಲಗ್ ಸಿಕ್ಕಿಸಿ ನೋಡಿ. ನೀವು ಮಾಡಬೇಕಾದ್ದು ಇಷ್ಟೇ, ಬೋರ್ಡಿನ ಮುಚ್ಚಳ ಬಿಚ್ಚಬೇಡಿ.

ಇಲ್ಲೊಂದು ಮೋಸ ಇದೆ. ಸಾಮಾನ್ಯ ಎಂಸಿಬಿ ಕೂಡ ಫೇಸ್ ಮಾತ್ರ ಕಡಿಯುತ್ತದೆ. ಒದ್ದೆ ಗೋಡೆಯೊಳಗೆ ನ್ಯೂಟ್ರಲ್ ತಂತಿ ಅರ್ತ್‌ಗೆ ತಾಗುತ್ತಿದ್ದರೆ, ಬೇರೆ ಲೈನಿನಿಂದ ವಾಪಸ್ ಬರುವ ಕರೆಂಟೂ ಸ್ವಲ್ಪ ಅಲ್ಲಿಂದಲೇ ಅರ್ತ್‌ಗೆ ಸೋರುತ್ತದೆ. ಹಾಗಾಗಿ ಹಾಲ್‌ನ ಫ್ಯಾನ್ ಹಾಕಿದಾಗ ಬೀಳುತ್ತದೆ, ತಪ್ಪು ಇರುವುದು ಬಚ್ಚಲಮನೆ ಲೈನಿನಲ್ಲಿ! ಪಾಪ, ಫ್ಯಾನ್ ಬದಲಾಯಿಸಿದವರನ್ನು ನೋಡಿದ್ದೇನೆ. ಇದನ್ನು ಹಿಡಿಯಲು ಎಲೆಕ್ಟ್ರಿಷಿಯನ್ನೇ ಮೇನ್ ಆಫ್ ಮಾಡಿ, ಒಂದೊಂದು ಲೈನಿನ ನ್ಯೂಟ್ರಲ್ ಬಿಡಿಸಿ, 500 ವೋಲ್ಟ್ ಮೆಗ್ಗರ್‌ನಿಂದ (ತಂತಿಯ ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಅಳೆಯಬೇಕು. ಟಿವಿ, ಕಂಪ್ಯೂಟರ್ ಪ್ಲಗ್ ಮೊದಲೇ ತೆಗೆದಿರಬೇಕು. 1 ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದ ಲೈನೇ ಕಳ್ಳ. ಅಲ್ಲಿ ಹೊಸ ತಂತಿ ಎಳೆಸಿ.

ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವಾಗಲೇ ಮೆಗ್ಗರ್ ಇದೆಯಾ ಅಂತ ಕೇಳಿ. ‘ಅದೆಲ್ಲ ಯಾಕೆ, ಟೆಸ್ಟರ್ ಸಾಕು’ ಅಂದರೆ ಬೇರೆಯವರನ್ನು ಕರೆಸಿ.