ಕೆಟ್ಟ ಮೇಲೆ ತಿಳಿಯುವ ಕಂಪನಿ

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ಒಂದೇ ಕಂಪನಿಯ ಲ್ಯಾಪ್‌ಟಾಪ್ ಬಳಸುವವರ ಅನುಭವಗಳನ್ನು ಪ್ರಕಟಿಸಿದ್ದೀರಿ. ಅವುಗಳಲ್ಲಿ ಹೆಚ್ಚಿನವು ದೂರುಗಳೇ. ನಾನೂ ಅದೇ ಕಂಪನಿಯ ಎರಡು ಲ್ಯಾಪ್‌ಟಾಪ್ ಬಳಸಿದವನು. ಎರಡನೆಯದಕ್ಕೆ ಈಗ ಆರು ವರ್ಷ. ಒಮ್ಮೆಯೂ ಸರ್ವಿಸ್ ಸೆಂಟರ್‌ನ ಮೆಟ್ಟಿಲು ಹತ್ತಿಲ್ಲ. ಜೋಪಾನವಾಗಿ ಬಳಸದವರೇ ದೂರುತ್ತಾರೆ. ಗೋಳಿನ ಕಥೆಗಳ ಬದಲು ಯಾವ ಕಂಪನಿಯ ಯಂತ್ರ ನೂರಕ್ಕೆ ಎಷ್ಟು ಕೆಡುತ್ತದೆ ಎಂಬ ಪಟ್ಟಿ ಕೊಟ್ಟರೆ ಓದುಗರಿಗೆ ಉಪಕಾರವಾದೀತು.”

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊಂಡ ವಸ್ತುವನ್ನು ಆರು ವರ್ಷ ಜತನದಿಂದ ಇಟ್ಟುಕೊಂಡು ಅದರಿಂದ ಇನ್ನೂ ಕೆಲಸ ತೆಗೆಯುತ್ತಿರುವವರ ಬಗ್ಗೆ ನನಗೆ ಗೌರವವಿದೆ. ನಿಮ್ಮಂಥವರ ಸಂಖ್ಯೆ ಹೆಚ್ಚಲಿ ಎಂದೇ ನನ್ನ ಆಸೆ. ದೂರುಗಳನ್ನಷ್ಟೇ ನೋಡಿ ಒಂದು ಕಂಪನಿಯನ್ನು ಅಳೆಯಬಾರದು ಎಂಬ ನಿಮ್ಮ ಮಾತಿನಲ್ಲೂ ಹುರುಳಿದೆ. ಸುಸೂತ್ರವಾಗಿ ನಡೆಯುತ್ತಿರುವ ಲ್ಯಾಪ್‌ಟಾಪ್ ಬಗ್ಗೆ ಪತ್ರ ಬರೆಯುವವರು ಕಡಿಮೆ, ಕೆಟ್ಟು ಕುಳಿತದ್ದರ ಬಗ್ಗೆ ಬರೆಯುವವರೇ ಹೆಚ್ಚು. ಹಾಗಾಗಿ ನಮ್ಮ ಮೇಜಿನ ಮೇಲಿರುವ ಪತ್ರಗಳ ಕಟ್ಟಿನಿಂದ ನೂರಕ್ಕೆ ಇಷ್ಟು ಎಂಬ ಲೆಕ್ಕ ತೆಗೆಯಲಾಗದು. ಇಷ್ಟನ್ನು ಒಪ್ಪಿಕೊಂಡೇ ಹೇಳುತ್ತೇನೆ, “ಜೋಪಾನವಾಗಿ ಬಳಸದವರೇ ದೂರುತ್ತಾರೆ” ಎಂಬ ನಿಮ್ಮ ಒಂದು ವಾಕ್ಯ ನನ್ನನ್ನು ನೋಯಿಸಿತು. ಅದಕ್ಕೆ ಉತ್ತರ ಕೊಡದೆ ಮುಂದಿನ ಪತ್ರಕ್ಕೆ ಹೋಗಲು ನನ್ನಿಂದಾಗಲಿಲ್ಲ.

ನೀವು ಅಂಕಿಅಂಶ ಕೇಳಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ. ಹೆಚ್ಚುವರಿ ವಾರಂಟಿ ಮಾರುವ ಅಮೆರಿಕದ ಸ್ಕ್ವೇರ್‌ಟ್ರೇಡ್ ಎಂಬ ಕಂಪನಿ 2009ರಲ್ಲಿ, ತಾನು ವಾರಂಟಿ ಕೊಟ್ಟಿದ್ದ ಸುಮಾರು 30,000 ಲ್ಯಾಪ್‌ಟಾಪ್‌ಗಳ ದಾಖಲೆಗಳನ್ನು ಜಾಲಾಡಿ, ಮೂರು ವರ್ಷಗಳೊಳಗೆ ನೂರರಲ್ಲಿ 31 ಯಂತ್ರಗಳು ಕೆಡುತ್ತವೆ ಎಂದು ಅಂದಾಜು ಮಾಡಿತು. ಆ 31ರಲ್ಲಿ ಕೈಜಾರಿ ಬಿದ್ದವು, ಮೈಮೇಲೆ ನೀರು ಚೆಲ್ಲಿಸಿಕೊಂಡವು, ಅಂದರೆ ನೀವು ಹೇಳುವ ಅಜಾಗರೂಕತೆಯ ಲೆಕ್ಕಕ್ಕೆ ಬರಬಹುದಾದವು, 10.6 ಮಾತ್ರ. ಉಳಿದ 20.4 ಯಾರ ತಪ್ಪೂ ಇಲ್ಲದೆ ತಾವಾಗಿಯೇ ಕೆಟ್ಟವು. ಕೆಟ್ಟ ಪ್ರತಿ ಮೂರು ಯಂತ್ರಗಳಲ್ಲಿ ಎರಡರ ಒಡೆಯರು ನಿಮ್ಮಷ್ಟೇ ಜೋಪಾನದವರು ಎಂದು ಇದರಿಂದ ತಿಳಿಯಬಾರದೇ?

ಅದೇ ವರದಿಯಲ್ಲಿ ಅತಿ ಕಡಿಮೆ ಕೆಡುವವು ಎಂದು ಹೆಸರು ಪಡೆದ ಆಸುಸ್ ಮತ್ತು ತೋಷಿಬಾ ಲ್ಯಾಪ್‌ಟಾಪ್‌ಗಳಲ್ಲೂ, ಬಿದ್ದದ್ದು ಚೆಲ್ಲಿದ್ದನ್ನೆಲ್ಲ ಬಿಟ್ಟು, ತಾವಾಗಿಯೇ ಕೆಟ್ಟವು ನೂರಕ್ಕೆ ಹದಿನಾರರ ಹತ್ತಿರ ಇದ್ದವು. ಪಟ್ಟಿಯ ತಳದಲ್ಲಿದ್ದ ಎಚ್‌ಪಿಯಲ್ಲಿ ಅದೇ ಪ್ರಮಾಣ 25.6 ಇತ್ತು. ವ್ಯತ್ಯಾಸವಿದೆ, ಅಲ್ಲಗಳೆಯುವುದಿಲ್ಲ. ಆದರೆ ಪಟ್ಟಿಯ ತುದಿಯಲ್ಲಿರುವ ಕಂಪನಿಯನ್ನೇ ಹುಡುಕಿ ಕೊಂಡರೂ ಆರು ಮಂದಿಯಲ್ಲಿ ಒಬ್ಬರಿಗೆ ಸರ್ವಿಸ್ ಸೆಂಟರ್‌ನ ಮೆಟ್ಟಿಲು ತಪ್ಪಿದ್ದಲ್ಲ. ಇಂಥ ಪಟ್ಟಿಗಳ ಆಯುಸ್ಸು ಕೂಡ ಅಲ್ಪ. ಅಂದು ತುದಿಯಲ್ಲಿದ್ದ ತೋಷಿಬಾ 2018ರಲ್ಲಿ ತನ್ನ ಲ್ಯಾಪ್‌ಟಾಪ್ ವ್ಯವಹಾರದ ಬಹುಪಾಲನ್ನು ಶಾರ್ಪ್‌ಗೆ ಮಾರಿತು, 2020ರಲ್ಲಿ ಉಳಿದ ಪಾಲನ್ನೂ ಬಿಟ್ಟುಕೊಟ್ಟಿತು. ಇದಲ್ಲದೆ, ಮುಚ್ಚಳದ ಮೇಲೆ ಯಾರ ಹೆಸರಿದೆಯೋ ಅವರೇ ಯಂತ್ರವನ್ನು ಜೋಡಿಸಿರುತ್ತಾರೆ ಎಂದುಕೊಳ್ಳಬೇಡಿ. ಕ್ವಾಂಟಾ, ಕಾಂಪಾಲ್, ವಿಸ್ಟ್ರಾನ್ ಮೊದಲಾದ ತೈವಾನ್ ಮೂಲದ ಸಂಸ್ಥೆಗಳು ಪರಸ್ಪರ ಪೈಪೋಟಿಯಲ್ಲಿರುವ ಹಲವು ಬ್ರ್ಯಾಂಡ್‌ಗಳಿಗೆ ಲ್ಯಾಪ್‌ಟಾಪ್ ತಯಾರಿಸಿ ಕೊಡುತ್ತವೆ. ಒಂದೇ ಹೆಸರಿನಡಿ ಕಚೇರಿಗಳಿಗೆಂದು ಗಟ್ಟಿಯಾಗಿ ಕಟ್ಟಿದ ಮಾದರಿಯೂ ಬರುತ್ತದೆ, ಅಗ್ಗದ ಪ್ಲಾಸ್ಟಿಕ್ಕಿನ ಮಾದರಿಯೂ ಬರುತ್ತದೆ. ನಿಮ್ಮೆರಡು ಯಂತ್ರಗಳ ಗುಣವನ್ನು ಇಡೀ ಕಂಪನಿಯ ಗುಣವೆಂದು ಹೇಗೆ ನಂಬಲಿ?

ಇಷ್ಟು ವರ್ಷ ಈ ಪತ್ರಗಳನ್ನು ಓದಿ ನಾನು ಕಂಡುಕೊಂಡದ್ದನ್ನು ಹೇಳಿಬಿಡುತ್ತೇನೆ. ಯಂತ್ರವೆಂದ ಮೇಲೆ ಕೆಡುತ್ತದೆ, ಅದನ್ನು ನಾನು ಯಾವ ಕಂಪನಿಯ ಮೇಲೂ ಹೊರಿಸುವುದಿಲ್ಲ. ಕೆಟ್ಟ ದಿನ ಕರೆ ಮಾಡಿದವನನ್ನು ಕಂಪನಿ ಹೇಗೆ ನಡೆಸಿಕೊಂಡಿತು, ಅವನ ಮಾತನ್ನು ನಂಬಿತೇ, ಯಂತ್ರವನ್ನು ಎಷ್ಟು ದಿನದಲ್ಲಿ, ಯಾವ ಸ್ಥಿತಿಯಲ್ಲಿ ಹಿಂದಿರುಗಿಸಿತು ಎಂಬುದರಿಂದಲೇ ನಾನು ಅದನ್ನು ಅಳೆಯುತ್ತೇನೆ. ಆ ಅಳತೆ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ನೀವು ಗೋಳಿನ ಕಥೆ ಎಂದು ಪಕ್ಕಕ್ಕೆ ಸರಿಸಿದ ಪತ್ರಗಳಲ್ಲಿ ಮಾತ್ರ ಸಿಗುತ್ತದೆ.

ಕಳೆದ ಸಂಚಿಕೆಯಲ್ಲಿ ಜಾಗ ಸಾಲದೆ ಬಿಟ್ಟ ಒಂದು ಪತ್ರದ ಸಾರವನ್ನು ಇಲ್ಲಿ ಕೊಡುತ್ತೇನೆ. ಬರೆದವರು ಸಂಶೋಧನಾ ವಿದ್ಯಾರ್ಥಿನಿ. ಲ್ಯಾಪ್‌ಟಾಪ್ ಕೊಂಡ ಐದನೆಯ ತಿಂಗಳಿಗೆ, ಕೆಲಸದ ನಡುವೆ ಪರದೆ ಇದ್ದಕ್ಕಿದ್ದಂತೆ ಕಪ್ಪಾಗತೊಡಗಿತು. ಮೊದಲ ಸಲ ಕಳಿಸಿದಾಗ ಪರದೆ ಬದಲಿಸಿದರು, ಎರಡನೆಯ ಸಲ ಪರದೆಗೆ ಹೋಗುವ ಕೇಬಲ್ ಬದಲಿಸಿದರು, ಮೂರನೆಯ ಸಲ “ತೊಂದರೆ ಕಂಡುಬಂದಿಲ್ಲ” ಎಂಬ ಚೀಟಿ ಅಂಟಿಸಿ ಹಾಗೆಯೇ ವಾಪಸ್ ಕಳಿಸಿದರು. ಪ್ರತಿ ಸಲವೂ ಹೊಸ ದೂರು ಸಂಖ್ಯೆ, ಹೊಸ ಧ್ವನಿ, ಮೊದಲಿನಿಂದ ಕಥೆ. ನಾಲ್ಕನೆಯ ಸಲ ಕರೆ ಮಾಡಿದಾಗ ವಾರಂಟಿ ಮುಗಿದು ಹನ್ನೊಂದು ದಿನವಾಗಿತ್ತು. ಮದರ್‌ಬೋರ್ಡ್ ಬದಲಿಸಬೇಕು, ಹಣ ಕಟ್ಟಿ ಎಂದರು. ಆಕೆ ಕರೆಗಳ ದಿನಾಂಕ, ಸಮಯ, ಮಾತಾಡಿದವರು ಹೇಳಿದ ಉತ್ತರ ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಾರೆ. ಅದರ ಪ್ರತಿ ನನ್ನ ಮುಂದಿದೆ, ಹತ್ತು ಪುಟ ತುಂಬಿದೆ. ಇಂಥವರನ್ನು ಜೋಪಾನವಿಲ್ಲದವರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ನನ್ನದೇ ಒಂದು ಅನುಭವವನ್ನೂ ಹೇಳಬೇಕು. ನನ್ನ ಹಿಂದಿನ ಲ್ಯಾಪ್‌ಟಾಪ್‌ನ ಮುಚ್ಚಳ ತೆರೆಯುವಾಗ ಎಡಗಡೆಯ ಕೀಲಿನ ಬಳಿ ಒಣಕಡ್ಡಿ ಮುರಿದಂಥ ಸದ್ದು ಬಂತು. ಒಂದು ವಾರದಲ್ಲಿ ಪರದೆಯ ಕೆಳಗಿನ ಅಂಚು ಬಾಯಿ ಬಿಟ್ಟುಕೊಂಡಿತು. ವಾರಂಟಿ ಇನ್ನೂ ಇತ್ತು. ಸರ್ವಿಸ್ ಸೆಂಟರ್‌ನವರು ಒಂದು ಫೋಟೋ ತೆಗೆದುಕೊಂಡು, “ಗ್ರಾಹಕರಿಂದಾದ ಹಾನಿ, ವಾರಂಟಿಗೆ ಒಳಪಡದು” ಎಂದು ಬರೆದು ಕೊಟ್ಟರು. ಬೀಳಿಸಿಲ್ಲ, ಅದುಮಿಲ್ಲ ಎಂದು ಎಷ್ಟು ಹೇಳಿದರೂ ಕೇಳುವವರಿರಲಿಲ್ಲ. ಕೊನೆಗೆ ಹೊರಗಿನ ಒಬ್ಬ ರಿಪೇರಿಯವರು ನನ್ನೆದುರೇ ತಳ ಬಿಚ್ಚಿ ತೋರಿಸಿದರು. ಕೀಲು ಗಟ್ಟಿ ಲೋಹದ್ದು. ಅದನ್ನು ಹಿಡಿದಿದ್ದ ಮೂರು ಸ್ಕ್ರೂಗಳು ಹೆಸರುಕಾಳಿನ ಗಾತ್ರದ ಹಿತ್ತಾಳೆಯ ನಟ್‌ಗಳೊಳಗೆ ಕೂತಿದ್ದವು. ಆ ನಟ್‌ಗಳನ್ನು ಹುದುಗಿಸಿದ್ದು ತೆಳ್ಳನೆಯ ಪ್ಲಾಸ್ಟಿಕ್ ಗೂಟಗಳಲ್ಲಿ. ಮುಚ್ಚಳ ತೆರೆದಾಗಲೆಲ್ಲ ಬಿಗಿಯಾದ ಕೀಲು ಆ ಗೂಟಗಳನ್ನು ಮೀಟುತ್ತದೆ, ಕೆಲವು ಸಾವಿರ ಸಲ ಮೀಟಿದ ಮೇಲೆ ಪ್ಲಾಸ್ಟಿಕ್ ಸೀಳುತ್ತದೆ. ಮೂರು ನಟ್‌ಗಳೂ ಬೇರುಸಮೇತ ಕಿತ್ತ ಹಲ್ಲಿನ ಹಾಗೆ ಸ್ಕ್ರೂಗಳ ತುದಿಯಲ್ಲಿ ತೂಗುತ್ತಿದ್ದವು. “ಇದೇ ಮಾದರಿ, ಇದೇ ಮೂಲೆ, ತಿಂಗಳಿಗೆ ನಾಲ್ಕು ಬರುತ್ತವೆ” ಎಂದು ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿ ಹಾಗೆಯೇ ಉಳಿದಿದೆ. ಲ್ಯಾಪ್‌ಟಾಪ್‌ನ ಮುಚ್ಚಳ ತೆರೆದದ್ದೇ ನಾನು ಮಾಡಿದ ಹಾನಿ.

ಒಡೆಯರ ಮೇಲೆ ತಪ್ಪು ಹೊರಿಸುವ ಮೊದಲು ಸ್ವಲ್ಪ ಚರಿತ್ರೆಯನ್ನೂ ನೋಡಬೇಕು. 2006ರ ಆಗಸ್ಟ್‌ನಲ್ಲಿ ಡೆಲ್ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯಿತು, ಅದೇ ತಿಂಗಳು ಆಪಲ್ ಸುಮಾರು 18 ಲಕ್ಷವನ್ನು ಪಡೆಯಿತು. ಆ ಬ್ಯಾಟರಿಗಳಲ್ಲಿದ್ದ, ಸೋನಿ ತಯಾರಿಸಿದ ಕೋಶಗಳೊಳಗೆ ಸೇರಿಕೊಂಡ ಲೋಹದ ಸೂಕ್ಷ್ಮ ಕಣಗಳು ಒಳಗೇ ಶಾರ್ಟ್ ಸರ್ಕ್ಯೂಟ್ ಮಾಡಿ ಬೆಂಕಿ ಹೊತ್ತಿಸಬಹುದಾಗಿತ್ತು. ಎಂಥ ಜೋಪಾನವೂ ಅದನ್ನು ತಡೆಯುತ್ತಿರಲಿಲ್ಲ. 2008ರ ಜುಲೈನಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್‌ಗಳ ದೋಷಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸುವುದಾಗಿ ಪ್ರಕಟಿಸಿತು. ಬಿಸಿಯಾಗಿ, ತಣಿದು, ಮತ್ತೆ ಬಿಸಿಯಾಗುವ ಸುತ್ತಿನಲ್ಲಿ ಚಿಪ್‌ನ ಅಡಿಯ ಬೆಸುಗೆ ಬಿರುಕು ಬಿಡುತ್ತಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಹೇಳಿದ್ದು ಆಪಲ್‌ನ ‘ಬಟರ್‌ಫ್ಲೈ’ ಕೀಬೋರ್ಡ್. 2015ರಲ್ಲಿ ಬಂದ ಆ ತೆಳ್ಳನೆಯ ಕೀಲಿಗಳ ಅಡಿಗೆ ಧೂಳಿನ ಕಣ ಸೇರಿದರೆ ಒಂದು ಅಕ್ಷರ ಎರಡೆರಡು ಸಲ ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ. ಮೇಲಿನ ಇಡೀ ಭಾಗವನ್ನೇ ಬದಲಿಸಬೇಕಿದ್ದುದರಿಂದ ವಾರಂಟಿ ಮುಗಿದವರಿಗೆ ದೊಡ್ಡ ಹೊರೆ. ಮಾಲೀಕರು ದೂರಿದರು, ಬರೆದರು, ನ್ಯಾಯಾಲಯಕ್ಕೂ ಹೋದರು. 2018ರ ಜೂನ್‌ನಲ್ಲಿ, ಕೊಂಡ ದಿನದಿಂದ ನಾಲ್ಕು ವರ್ಷ ಉಚಿತವಾಗಿ ಸರಿಪಡಿಸಿಕೊಡುವ ಯೋಜನೆ ಬಂತು. 2019ರ ಕೊನೆಯಲ್ಲಿ ಕಂಪನಿ ಅಡಿಯಲ್ಲಿ ಕತ್ತರಿಯಾಕಾರದ ಆಸರೆಯಿರುವ ಹಳೆಯ ಬಗೆಯ ಕೀಲಿಗಳಿಗೆ ಮರಳತೊಡಗಿತು. 2022ರಲ್ಲಿ, ತಪ್ಪನ್ನು ಒಪ್ಪಿಕೊಳ್ಳದೆಯೇ, 5 ಕೋಟಿ ಡಾಲರ್ ಕೊಟ್ಟು ಮೊಕದ್ದಮೆಯನ್ನು ರಾಜಿಯಲ್ಲಿ ಮುಗಿಸಲು ಒಪ್ಪಿತು. ಆ ಮಾಲೀಕರೆಲ್ಲ “ನಾವೇ ಸರಿಯಾಗಿ ಒರೆಸಿ ಇಟ್ಟುಕೊಳ್ಳಲಿಲ್ಲ” ಎಂದು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದು ಒಮ್ಮೆ ಯೋಚಿಸಿ. ಇಂದು ಸುಖವಾಗಿ ಟೈಪ್ ಮಾಡುತ್ತಿರುವವರು ಅವರ ಋಣದಲ್ಲಿದ್ದಾರೆ.

ಕರೆ ಸ್ವೀಕರಿಸುವ ಹುಡುಗ ಹುಡುಗಿಯರನ್ನು ನಾನು ದೂಷಿಸುತ್ತಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಅವರ ಮುಂದೆ ಒಂದು ಸಿದ್ಧ ಪಾಠವಿರುತ್ತದೆ: ರೀಸ್ಟಾರ್ಟ್ ಮಾಡಿ, ಅಪ್‌ಡೇಟ್ ಹಾಕಿ, ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಕೀಲು ಮುರಿದವರಿಗೂ ಅದೇ ಪಾಠ ಓದಬೇಕು. ಒಂದು ಕರೆಗೆ ಎಷ್ಟು ನಿಮಿಷ ಹಿಡಿಯಿತು, ದಿನಕ್ಕೆ ಎಷ್ಟು ಟಿಕೆಟ್, ಅಂದರೆ ದಾಖಲಾದ ದೂರು, ಮುಚ್ಚಿದರು ಎಂಬುದರ ಮೇಲೆ ಅವರ ಕೆಲಸ ಅಳೆಯುತ್ತಾರೆ. ಯಂತ್ರ ಸರಿಯಾಯಿತೇ ಎಂಬುದನ್ನು ಅಳೆಯುವವರು ವಿರಳ. ಆದ್ದರಿಂದಲೇ ಕೆಟ್ಟ ಲ್ಯಾಪ್‌ಟಾಪ್ ಮೇಜಿನ ಮೇಲಿರುವಾಗ “ನಿಮ್ಮ ಸಮಸ್ಯೆ ಬಗೆಹರಿದಿದೆ” ಎಂಬ ಸಂದೇಶ ಬರುತ್ತದೆ. ಸರಿಮಾಡಲು ಒಯ್ದ ಯಂತ್ರದ ಡಿಸ್ಕ್ ಅಳಿಸಿಹೋಗಿ, ವರ್ಷಗಳ ಬರಹ, ಮಕ್ಕಳ ಫೋಟೋ ಎಲ್ಲ ಮಾಯವಾಗಿ ಬಂದದ್ದನ್ನು ಬರೆದವರು ಒಬ್ಬಿಬ್ಬರಲ್ಲ. ಕಳಿಸುವ ಮೊದಲು ಪ್ರತಿ ತೆಗೆದಿಟ್ಟುಕೊಳ್ಳಿ ಎಂದು ಬುದ್ಧಿ ಹೇಳುವುದು ಸುಲಭ. ಪವರ್ ಬಟನ್ ಒತ್ತಿದರೂ ಏಳದ ಯಂತ್ರದಿಂದ ಪ್ರತಿ ತೆಗೆಯುವುದು ಹೇಗೆ?

ಇದರ ಹಿಂದೆ ಇನ್ನೂ ದೊಡ್ಡದೊಂದು ಕೊರಗಿದೆ. ಒಂದು ಕಾಲಕ್ಕೆ ಲ್ಯಾಪ್‌ಟಾಪ್‌ನ ತಳದ ಬೀಗ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು, ಎರಡು ಸ್ಕ್ರೂ ಬಿಚ್ಚಿದರೆ ಮೆಮೊರಿ ಬದಲಿಸಬಹುದಿತ್ತು. ಥಿಂಕ್‌ಪ್ಯಾಡ್‌ನಂಥ ಕೆಲವು ಸಾಲಿನ ಯಂತ್ರಗಳಿಗೆ ಯಾವ ಸ್ಕ್ರೂ ಎಲ್ಲಿದೆ, ಯಾವ ಭಾಗದ ಸಂಖ್ಯೆ ಏನು ಎಂದು ಬಿಡಿಸಿ ಹೇಳುವ ರಿಪೇರಿ ಕೈಪಿಡಿಯನ್ನು ಕಂಪನಿಯೇ ಎಲ್ಲರಿಗೂ ತೆರೆದಿಟ್ಟಿತ್ತು, ಇಂದಿಗೂ ಇಟ್ಟಿದೆ. ಉಳಿದ ಬಹಳಷ್ಟು ಕಡೆ ಈಗ ಮೆಮೊರಿ ಬೋರ್ಡಿಗೇ ಬೆಸೆದಿರುತ್ತದೆ, ಬ್ಯಾಟರಿಗೆ ಅಂಟು ಬಳಿದಿರುತ್ತಾರೆ, ಕೈಪಿಡಿ ಗುಟ್ಟಾಗಿರುತ್ತದೆ. ನಮ್ಮ ಹಣದಿಂದ ಕೊಂಡ ವಸ್ತುವನ್ನು ಬಿಚ್ಚಲು ನಾವೇ ಇನ್ನೊಬ್ಬರ ಅಪ್ಪಣೆ ಕೇಳುವ ಸ್ಥಿತಿ ಇದು. ಬದಲಾವಣೆ ನಿಧಾನವಾಗಿ ಶುರುವಾಗಿದೆ. ಫ್ರಾನ್ಸ್‌ನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವಾಗ ಅದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂಬುದಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕ ನಮೂದಿಸಬೇಕು. ನ್ಯೂಯಾರ್ಕ್ ರಾಜ್ಯದಲ್ಲಿ 2023ರ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈನಲ್ಲಿ ರಿಪೇರಿ ಹಕ್ಕಿನ ಕಾನೂನು ಜಾರಿಗೆ ಬಂತು. ಕ್ಯಾಲಿಫೋರ್ನಿಯಾದ ಕಾನೂನು ಲ್ಯಾಪ್‌ಟಾಪ್‌ನಂಥ ವಸ್ತುಗಳಿಗೆ ತಯಾರಿಕೆ ನಿಂತ ಮೇಲೂ ಏಳು ವರ್ಷ ಬಿಡಿಭಾಗ, ಉಪಕರಣ, ಕೈಪಿಡಿ ಒದಗಿಸಬೇಕೆನ್ನುತ್ತದೆ. 2021ರಲ್ಲಿ ಮೊದಲ ಲ್ಯಾಪ್‌ಟಾಪ್ ಹೊರತಂದ ಫ್ರೇಮ್‌ವರ್ಕ್ ಎಂಬ ಚಿಕ್ಕ ಕಂಪನಿ, ಒಂದೇ ಸ್ಕ್ರೂಡ್ರೈವರ್‌ನಿಂದ ಮನೆಯಲ್ಲೇ ಹೆಚ್ಚುಕಡಿಮೆ ಎಲ್ಲ ಭಾಗ ಬದಲಿಸಬಹುದಾದ ಯಂತ್ರವನ್ನು ಮಾಡಿ ತೋರಿಸಿದೆ. ಸಾಧ್ಯವಿಲ್ಲ ಎನ್ನುತ್ತಿದ್ದವರಿಗೆ ಅದೇ ಉತ್ತರ.

ಈಗ ನಿಮ್ಮ ವಿಷಯ. ಆರು ವರ್ಷದಲ್ಲಿ ಒಮ್ಮೆಯೂ ಸರ್ವಿಸ್ ಸೆಂಟರ್‌ನ ಮೆಟ್ಟಿಲು ಹತ್ತಿಲ್ಲ ಎಂದು ಬರೆದಿದ್ದೀರಿ. ಅಂದಮೇಲೆ ಅದರ ಗ್ರಾಹಕ ಸೇವೆಯ ಬಗ್ಗೆ ತೀರ್ಪು ಕೊಡಲು ನಿಮ್ಮ ಬಳಿ ಇನ್ನೂ ಆಧಾರವಿಲ್ಲ. ಈ ಮಾತನ್ನು ಬೇಸರಿಸದೆ ಸ್ವೀಕರಿಸಿ. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಪೂರ್ತಿ ಚಾರ್ಜ್ ಆಗಿ ಇಳಿದ ಮೇಲೆ ಸೊರಗುತ್ತದೆ, ಆರು ವರ್ಷದ್ದು ಸೊರಗಿರಲೇಬೇಕು. ನಿಮ್ಮ ಯಂತ್ರದ ತಳದಲ್ಲಿ ಮಾದರಿ ಸಂಖ್ಯೆ ಅಚ್ಚಾಗಿರುತ್ತದೆ. ಅದನ್ನು ಗುರುತು ಹಾಕಿಕೊಂಡು ಈ ವಾರ ಕಂಪನಿಗೆ ಕರೆ ಮಾಡಿ. ಆ ಮಾದರಿಗೆ ಕಂಪನಿಯದೇ ಬ್ಯಾಟರಿ ಇನ್ನೂ ಸಿಗುತ್ತದೆಯೇ, ಎಷ್ಟು ದಿನದಲ್ಲಿ, ಡಿಸ್ಕ್ ಮುಟ್ಟದೆ ನಿಮ್ಮೆದುರೇ ಬದಲಿಸಿಕೊಡುತ್ತಾರೆಯೇ, ಇಲ್ಲವೆಂದರೆ ನೀವೇ ಬದಲಿಸಿಕೊಳ್ಳಲು ಕೈಪಿಡಿ ಕೊಡುತ್ತಾರೆಯೇ, ಕೇಳಿ. ಎಷ್ಟು ಹೊತ್ತು ಕಾದಿರಿ, ಎಷ್ಟು ಮಂದಿಗೆ ಅದೇ ಮಾತನ್ನು ಹೇಳಬೇಕಾಯಿತು ಎಂಬುದನ್ನು ಆ ವಿದ್ಯಾರ್ಥಿನಿಯ ಹಾಗೆ ಬರೆದಿಟ್ಟುಕೊಂಡು ನಮಗೆ ಕಳಿಸಿ. ಅವರು ಚೆನ್ನಾಗಿ ನಡೆಸಿಕೊಂಡಿದ್ದರೆ ಅದನ್ನೂ ಒಂದಕ್ಷರ ಕಡಿಮೆ ಮಾಡದೆ ಪ್ರಕಟಿಸುತ್ತೇನೆ. ಮುಂದಿನ ಸಂಚಿಕೆಯಲ್ಲಿ ಆಕೆಯ ಹತ್ತು ಪುಟಗಳ ಪಕ್ಕದಲ್ಲೇ ನಿಮ್ಮ ಪತ್ರಕ್ಕೂ ಜಾಗ ಕಾದಿರಿಸಿದ್ದೇನೆ.

– ಸಂಪಾದಕ