ಲಂಡನ್‌ನಲ್ಲಿ ನಟನೆ ನಂಬಿ ಬದುಕಬಹುದಾ?

ನಮಸ್ಕಾರ. ನೀನಾಸಂನಲ್ಲಿ ಕಲಿತು, ಊರೂರು ತಿರುಗಿ ನಾಟಕ ಮಾಡಿ, ಈಗ ಯಜಮಾನರ ಕೆಲಸದ ದೆಸೆಯಿಂದ ಲಂಡನ್‌ಗೆ ಬಂದಿದ್ದೀರಿ. ಇಲ್ಲಿ ನಟನೆಯಿಂದ ಹೊಟ್ಟೆ ತುಂಬುತ್ತಾ ಅಂತ ಕೇಳಿದ್ದೀರಿ. ಅದೊಂದರಿಂದಲೇ ಅಂದರೆ ಕಷ್ಟ. ಇಲ್ಲೇ ಹುಟ್ಟಿದ ನಟರೂ ಒಂದು ನಾಟಕ ಮುಗಿದು ಇನ್ನೊಂದು ಸಿಗುವವರೆಗೆ ಕಾಫಿ ಅಂಗಡಿಯಲ್ಲೋ ಕಾಲ್ ಸೆಂಟರ್‌ನಲ್ಲೋ ದುಡಿಯುತ್ತಾರೆ. ಅದಕ್ಕೆ ಯಾರೂ ಮೂಗು ಮುರಿಯುವುದಿಲ್ಲ.

ನಟಿ ಜೊಹ್ರಾ ಸೆಹಗಲ್ ಅವರನ್ನೇ ನೋಡಿ. ಪೃಥ್ವಿರಾಜ್ ಕಪೂರ್ ಅವರ ನಾಟಕ ತಂಡ ಪೃಥ್ವಿ ಥಿಯೇಟರ್‌ನಲ್ಲಿ 14 ವರ್ಷ ಪಳಗಿದವರು. 1962ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಲಂಡನ್‌ಗೆ ಬಂದಾಗ ವಯಸ್ಸು 50. ಓಲ್ಡ್ ವಿಕ್ ರಂಗಮಂದಿರದಲ್ಲಿ ಬೇರೆ ನಟರಿಗೆ ಬಟ್ಟೆ ತೊಡಿಸುವ ಕೆಲಸವನ್ನೂ ಮಾಡಿದರು. ಅವರಿಗೆ ಹೆಸರು ತಂದ ‘ದ ಜ್ಯುವೆಲ್ ಇನ್ ದ ಕ್ರೌನ್’ ಧಾರಾವಾಹಿ ಟಿವಿಯಲ್ಲಿ ಬಂದದ್ದು 1984ರಲ್ಲಿ. ನಡುವಿನ ವರ್ಷಗಳನ್ನು ನೀವೇ ಲೆಕ್ಕ ಹಾಕಿ.

ನಮ್ಮ ಮೈಸೂರು ಸೀಮೆಯ ಸಾಬು ಕಥೆ ಇದಕ್ಕೆ ಪೂರ್ತಿ ಉಲ್ಟಾ. ಕಾರಾಪುರದ ಮಾವುತರ ಮನೆ ಹುಡುಗ. 1937ರ ‘ಎಲಿಫೆಂಟ್ ಬಾಯ್’ ಸಿನಿಮಾ ಬಂದದ್ದೇ ತಡ, ಸ್ಟಾರ್ ಆಗಿಬಿಟ್ಟ. ಲಂಡನ್ ಆಯಿತು, ಹಾಲಿವುಡ್ ಆಯಿತು. ಆದರೆ ದೊಡ್ಡವನಾದ ಮೇಲೂ ಬಹುಪಾಲು ಅದೇ ಪೇಟ, ಅದೇ ಕಾಡು. ಬೇರೆ ಥರದ ಪಾತ್ರಕ್ಕೆ ಕರೆದವರು ಕಡಿಮೆ. 1963ರಲ್ಲಿ 39ಕ್ಕೇ ತೀರಿಕೊಂಡ, ಪಾಪ.

ಕಾಲ ಬದಲಾಗಿದೆ, ನಿಜ. ಆದರೂ ಕ್ಯಾಮೆರಾ ಮೊದಲು ನೋಡುವುದು ಮುಖವನ್ನೇ. ಡಾಕ್ಟರು, ಅಂಗಡಿಯವರ ಹೆಂಡತಿ, ಗೊಣಗುವ ಅತ್ತೆ, ಇಂಥವಕ್ಕೇ ಮೊದಲು ಕರೆ ಬರುತ್ತೆ. ಒಪ್ಪಿಕೊಳ್ಳಿ, ಬಾಡಿಗೆಗೆ ಆಗುತ್ತೆ. ಆದರೆ ಅದರ ಹಿಂದೆ ಬಿದ್ದು ರಂಗಭೂಮಿ ಮಾತ್ರ ಬಿಡಬೇಡಿ. ನಿಮ್ಮ ಕೈಲಿ ಏನಾಗುತ್ತೆ ಅಂತ ತೋರಿಸೋಕೆ ಇಲ್ಲಿ ಬೇರೆ ಜಾಗ ಕಡಿಮೆ. 1977ರಲ್ಲಿ ಶುರುವಾದ ತಾರಾ ತಂಡ, ಆಮೇಲೆ ಬಂದ ತಮಾಷಾ, ದಕ್ಷಿಣ ಏಷ್ಯಾ ಮೂಲದ ಹೆಣ್ಣುಮಕ್ಕಳು ಬರೆದ ನಾಟಕ ಆಡಿಸುವ ಕಾಲಿ, ಈ ಮೂರರ ನಾಟಕಗಳಿಗೆ ಮೊದಲು ಹೋಗಿ ನೋಡಿ. ಮುಗಿದ ಮೇಲೆ ನಿಂತು ಮಾತಾಡಿಸಿ. ಸಂಕೋಚ ಬೇಡ.

ಇನ್ನು ವ್ಯವಹಾರ. ಈಕ್ವಿಟಿ ಅಂತ ನಟರ ಸಂಘ ಇದೆ, ಸೇರಿಕೊಳ್ಳಿ. ಪಾತ್ರ ಹಂಚುವವರು ಹುಡುಕುವುದು ಸ್ಪಾಟ್‌ಲೈಟ್ ಅನ್ನೋ ನಟರ ಪಟ್ಟಿಯಲ್ಲಿ. ಆಡಿಷನ್ ಈಗ ಜಾಸ್ತಿ ಸೆಲ್ಫ್ ಟೇಪ್, ಮನೆಯಲ್ಲೇ ಫೋನ್‌ನಲ್ಲಿ ತೆಗೆದು ಕಳಿಸೋದು. ಆ ಪಟ್ಟಿಗೆ ಕೊಡೋ ಫೋಟೊಗೆ ರೇಷ್ಮೆ ಸೀರೆ, ಜುಮುಕಿ ಬೇಡ. ಹಾಕಿದಿರೋ, ಅತ್ತೆ ಪಾತ್ರ ಗ್ಯಾರಂಟಿ! ‘ಪ್ರಾಫಿಟ್ ಶೇರ್’, ಅಂದರೆ ಲಾಭ ಬಂದರೆ ಪಾಲು, ಅಂದ ಕಡೆ ಸಂಬಳ ನೆಚ್ಚಬೇಡಿ, ಎಷ್ಟೋ ಸಲ ಹಂಚೋಕೆ ಏನೂ ಉಳಿದಿರಲ್ಲ. ಏಜೆಂಟರು ಕಮಿಷನ್ ಹಿಡಿಯಬೇಕಾದದ್ದು ಕೆಲಸ ಸಿಕ್ಕ ಮೇಲೆ. ಸೇರಿಸಿಕೊಳ್ಳೋಕೇ ದುಡ್ಡು ಕೇಳಿದರೆ ಸುಮ್ನೆ ಎದ್ದು ಬನ್ನಿ.